ವಾಯುಮಾರ್ಗಕ್ಕೆ ಸೇರುವ ಮುನ್ನ: ಕ್ಲಿಯರೆನ್ಸ್ ಕೇಳುವುದು, ಬರೆದುಕೊಳ್ಳುವುದು, ಪಾಲಿಸುವುದು

ವಾಯು ಸಂಚಾರ ನಿಯಂತ್ರಕ ಕೊಡುವ ಹಾರಾಟದ ಅಪ್ಪಣೆಯನ್ನು, ಅಂದರೆ ಕ್ಲಿಯರೆನ್ಸನ್ನು, ಬರೆದುಕೊಂಡ ಪೈಲಟ್‌ಗೆ ನಾನು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಇದು ಎಲ್ಲಿಗೆ ಮುಗಿಯುತ್ತದೆ? ಎತ್ತರ ಎಷ್ಟು, ಸ್ಕ್ವಾಕ್ (ರೇಡಾರ್‌ನಲ್ಲಿ ವಿಮಾನವನ್ನು ಗುರುತಿಸುವ ಸಂಕೇತ) ಎಷ್ಟು ಎಂದರೆ ಥಟ್ಟನೆ ಹೇಳುತ್ತಾರೆ. ಎಲ್ಲಿಯವರೆಗೆ ಎಂದರೆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ವಾಯುಮಾರ್ಗದ ವಿಮಾನಗಳನ್ನು ನಿಯಂತ್ರಿಸುವ ಏರಿಯಾ ಕಂಟ್ರೋಲ್ ಕೋಣೆಯಲ್ಲಿ ಹೆಡ್‌ಸೆಟ್ ಹಾಕಿಕೊಂಡೇ ನಡುವಯಸ್ಸು ದಾಟಿದವನು ನಾನು. ನಿವೃತ್ತನಾದ ಮೇಲೆ ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ, ಅಂದರೆ ಉಪಕರಣಗಳನ್ನು ನೋಡಿ ಹಾರುವ ಅರ್ಹತೆಗೆ, ಓದುವವರಿಗೆ ರೇಡಿಯೊ ಪಾಠ ಹೇಳುತ್ತಿದ್ದೇನೆ. ರೇಡಿಯೊದ ಆಚೆ ತುದಿಯಲ್ಲಿ ಕುಳಿತಿದ್ದವನಾದ್ದರಿಂದ ಈ ಬರಹದಲ್ಲಿ ನಿಯಂತ್ರಕನ ಪಕ್ಷಪಾತ ಸ್ವಲ್ಪ ಕಾಣಬಹುದು. ಅದನ್ನು ಮುಚ್ಚಿಡುವ ಉದ್ದೇಶವೂ ನನಗಿಲ್ಲ.

ವಾಯುಮಾರ್ಗ ಎಂದರೆ ಬಿಂದುವಿನಿಂದ ಬಿಂದುವಿಗೆ ಎಳೆದ ಆಕಾಶದ ಓಣಿ. ಹಲವು ದೇಶಗಳಲ್ಲಿ ಅದರ ಅಗಲ 10 ನಾಟಿಕಲ್ ಮೈಲು, ಅಮೆರಿಕದಲ್ಲಿ ಸಾಮಾನ್ಯವಾಗಿ 8. ಅದಕ್ಕೊಂದು ತಳವಿದೆ, ಮೇಲ್ಮಿತಿಯಿದೆ. ಆ ತಳ ನೆಲದ ಮೇಲೆ ಕೂತಿರುವುದಿಲ್ಲ ಎಂಬುದನ್ನು ನೆನಪಿಡಿ. ಸಣ್ಣ ಏರೋಡ್ರೋಮ್‌ಗಳಿಂದ ಹೊರಡುವವರ ಸಂಕಷ್ಟವೆಲ್ಲ ಅಲ್ಲಿಂದಲೇ ಹುಟ್ಟುತ್ತದೆ. ಎ ವರ್ಗದಿಂದ ಇ ವರ್ಗದವರೆಗಿನ ವಾಯುಪ್ರದೇಶ ನಿಯಂತ್ರಿತ. ಅದರೊಳಗೆ ಐಎಫ್‌ಆರ್ ನಿಯಮದಲ್ಲಿ, ಅಂದರೆ ಉಪಕರಣಗಳನ್ನು ನಂಬಿ, ಹಾರಲು, ಒಳಗೆ ಕಾಲಿಡುವ ಮುನ್ನವೇ ಕ್ಲಿಯರೆನ್ಸ್ ಕೈಯಲ್ಲಿರಬೇಕು.

ಆ ಕ್ಲಿಯರೆನ್ಸ್‌ನಲ್ಲಿ ಇರುವುದಾದರೂ ಏನು? ಇಷ್ಟು ದೂರದವರೆಗೆ, ಇಷ್ಟು ಎತ್ತರದವರೆಗೆ, ಕೆಲವೊಮ್ಮೆ ಇಷ್ಟು ಹೊತ್ತಿನೊಳಗೆ ನಿಮಗೆ ಬೇರೆ ವಿಮಾನ ಅಡ್ಡ ಬಾರದಂತೆ ನೋಡಿಕೊಂಡಿದ್ದೇನೆ ಎಂಬ ನಿಯಂತ್ರಕನ ಮಾತು. ಜಾಗಕ್ಕೊಂದು ಕೊನೆ, ಎತ್ತರಕ್ಕೊಂದು ಕೊನೆ, ಹೊತ್ತಿಗೊಂದು ಕೊನೆ. ಈ ಮೂರನ್ನೂ ಬಾಯಿಬಿಟ್ಟು ಹೇಳಲು ಬರುವವರೆಗೆ ನಿಮ್ಮ ಬಳಿ ಇರುವುದು ಒಂದಿಷ್ಟು ಅಂಕಿಗಳು ಮಾತ್ರ. ಗುಡ್ಡಬೆಟ್ಟಗಳ ವಿಚಾರ ಆ ಮಾತಿನಲ್ಲಿ ಸೇರಿಲ್ಲ ಎಂಬುದನ್ನೂ ಮರೆಯಬೇಡಿ. ನಿಯಂತ್ರಕ ರೇಡಾರ್ ನೋಡಿ ದಿಕ್ಕು ಕೊಟ್ಟು ನಡೆಸುತ್ತಿರುವಾಗ ಹೊರತು, ನೆಲದಿಂದ ದೂರ ಉಳಿಯುವ ಹೊಣೆ ಪೈಲಟ್‌ನದೇ.

ಮೊದಲು ಅರ್ಜಿ ಸರಿಯಿರಲಿ

ಫ್ಲೈಟ್ ಪ್ಲಾನ್ ಸಲ್ಲಿಸಿದ ಮಾತ್ರಕ್ಕೆ ಏನೂ ಸಿಕ್ಕಿರುವುದಿಲ್ಲ. ಅದು ಅರ್ಜಿ, ಕ್ಲಿಯರೆನ್ಸ್ ಅದಕ್ಕೆ ಬರುವ ಉತ್ತರ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯಾದ ಐಕಾವೊದ ನಿಯಮದಂತೆ ನಿಯಂತ್ರಣ ಸೇವೆ ಬೇಕಿರುವ ಹಾರಾಟಕ್ಕೆ ಹೊರಡುವ ಕನಿಷ್ಠ 60 ನಿಮಿಷ ಮೊದಲು ಪ್ಲಾನ್ ತಲುಪಿರಬೇಕು. ಹಾರಾಟದ ನಡುವೆಯೇ ಸಲ್ಲಿಸುವುದಾದರೆ ನಿಯಂತ್ರಿತ ಪ್ರದೇಶದ ಪ್ರವೇಶಬಿಂದುವನ್ನು ಮುಟ್ಟುವ ಕನಿಷ್ಠ 10 ನಿಮಿಷ ಮೊದಲು ತಲುಪಬೇಕು. ಈ ಹತ್ತು ನಿಮಿಷವನ್ನು ಮನಸ್ಸಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನಮೂನೆಯ ಎಂಟನೇ ಅಂಕಣದಲ್ಲಿ ಹಾರಾಟದ ನಿಯಮ ಬರೆಯಬೇಕು. ಪೂರ್ತಿ ಐಎಫ್‌ಆರ್ ಆದರೆ ಐ. ಮೊದಲು ಐಎಫ್‌ಆರ್, ಆಮೇಲೆ ಹೊರಗೆ ನೋಡಿಕೊಂಡು ಹಾರುವ ವಿಎಫ್‌ಆರ್ ಆದರೆ ವೈ. ಮೊದಲು ಕಣ್ಣಳತೆಯ ವಿಎಫ್‌ಆರ್‌ನಲ್ಲಿ ಎದ್ದು, ನಡುವೆ ಐಎಫ್‌ಆರ್‌ಗೆ ಬದಲಾಗುವುದಾದರೆ ಝಡ್. ಸಣ್ಣ ಏರೋಡ್ರೋಮ್‌ನಿಂದ ಎದ್ದು ವಾಯುಮಾರ್ಗ ಹಿಡಿಯುವವರು ಬಹಳಷ್ಟು ಸಲ ಝಡ್ ಗುಂಪಿನವರೇ. ಹದಿನೈದನೇ ಅಂಕಣದಲ್ಲಿ ವೇಗ, ಎತ್ತರ, ಮಾರ್ಗ. ನಿಯಮ ಬದಲಾಗುವ ಬಿಂದು ಯಾವುದು ಎಂದು ಅಲ್ಲಿ ಸ್ಪಷ್ಟವಾಗಿ ನಮೂದಿಸದಿದ್ದರೆ ಕಂಪ್ಯೂಟರ್ ಪ್ಲಾನನ್ನು ತಿರಸ್ಕರಿಸಬಹುದು. ಅದಕ್ಕಿಂತ ಕೆಟ್ಟದ್ದು, ಸ್ವೀಕರಿಸಿ ತಪ್ಪು ಸೆಕ್ಟರ್‌ಗೆ ಕಳುಹಿಸಬಹುದು. ಆಗ ನೀವು ಕರೆ ಮಾಡಿದಾಗ ನಿಮ್ಮ ಹೆಸರೇ ನಮ್ಮ ಮುಂದೆ ಇರುವುದಿಲ್ಲ.

ವೇಳೆಯೆಲ್ಲ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿ. ನೀವು ಬರೆದ ಹೊರಡುವ ವೇಳೆ ಚಕ್ರ ಉರುಳತೊಡಗುವ ವೇಳೆ, ನೆಲ ಬಿಡುವ ವೇಳೆಯಲ್ಲ. ನಿಯಂತ್ರಿತ ಹಾರಾಟ 30 ನಿಮಿಷಕ್ಕಿಂತ ಹೆಚ್ಚು ತಡವಾದರೆ ಪ್ಲಾನ್ ತಿದ್ದಬೇಕು, ಇಲ್ಲವೇ ಹೊಸದು ಸಲ್ಲಿಸಬೇಕು. ಯುರೋಪಿನಲ್ಲಿ ಸಂಚಾರ ಹೆಚ್ಚಿದಾಗ ಅಲ್ಲಿನ ಸಂಚಾರ ನಿರ್ವಹಿಸುವ ಯುರೋಕಂಟ್ರೋಲ್‌ನಿಂದ ಸ್ಲಾಟ್, ಅಂದರೆ ಏಳಬೇಕಾದ ನಿಗದಿತ ವೇಳೆ, ಬರುತ್ತದೆ. ಆ ವೇಳೆಗೆ 5 ನಿಮಿಷ ಮೊದಲಿನಿಂದ 10 ನಿಮಿಷ ನಂತರದೊಳಗೆ ನೆಲ ಬಿಡಬೇಕು. ತಪ್ಪಿದರೆ ಸಾಲಿನ ಕೊನೆಗೆ.

ದೊಡ್ಡ ನಿಲ್ದಾಣದಲ್ಲಿ ಕೇಳುವ ಬಗೆ

ಇಲ್ಲಿ ಕೆಲಸ ಸುಲಭ, ಏಕೆಂದರೆ ವಿಮಾನ ನಿಂತಲ್ಲೇ ನಿಂತಿರುತ್ತದೆ. ಮೊದಲು ನಿಲ್ದಾಣದ ಮಾಹಿತಿ ಪ್ರಸಾರವಾದ ಏಟಿಸ್ ಕೇಳಿ: ಬಳಕೆಯಲ್ಲಿರುವ ರನ್‌ವೇ, ಗಾಳಿ, ಕ್ಯೂಎನ್‌ಎಚ್ ಒತ್ತಡ (ಸಮುದ್ರಮಟ್ಟದಿಂದ ಎತ್ತರ ತೋರಿಸುವಂತೆ ಎತ್ತರಮಾಪಕಕ್ಕೆ ಹೊಂದಿಸುವ ಅಂಕಿ), ಮತ್ತು ಆ ಪ್ರಸಾರದ ಗುರುತಿನ ಅಕ್ಷರ. ಬಳಿಕ ಕ್ಲಿಯರೆನ್ಸ್ ಕೊಡುವ ಡೆಲಿವರಿ ಫ್ರೀಕ್ವೆನ್ಸಿಗೆ ಹೋಗಿ, ಎರಡು ಉಸಿರಿನಷ್ಟು ಹೊತ್ತು ಸುಮ್ಮನೆ ಆಲಿಸಿ. ಬೇರೊಬ್ಬರು ಕ್ಲಿಯರೆನ್ಸ್ ಓದಿ ಒಪ್ಪಿಸುತ್ತಿರುವಾಗ ನಡುವೆ ಬಾಯಿ ಹಾಕಿದರೆ ಇಬ್ಬರ ಮಾತೂ ಕೆಡುತ್ತದೆ.

ಕರೆಯಲ್ಲಿ ಹೇಳಬೇಕಾದದ್ದು ಇಷ್ಟೇ: ನಿಮ್ಮ ಕಾಲ್‌ಸೈನ್ (ರೇಡಿಯೊದಲ್ಲಿ ವಿಮಾನವನ್ನು ಕರೆಯುವ ಹೆಸರು), ವಿಮಾನದ ಮಾದರಿ, ನಿಂತಿರುವ ಸ್ಟ್ಯಾಂಡ್, ಏಟಿಸ್ ಅಕ್ಷರ, ಸೇರಬೇಕಾದ ಊರು, ಕ್ಲಿಯರೆನ್ಸ್ ಬೇಕೆಂಬ ಕೋರಿಕೆ. ಶುಭೋದಯ, ತಡವಾಗಿದ್ದಕ್ಕೆ ವಿವರಣೆ, ಪ್ರಯಾಣಿಕರ ಸಂಖ್ಯೆ ಯಾವುದೂ ಬೇಡ. ಬಹುತೇಕ ದೊಡ್ಡ ನಿಲ್ದಾಣಗಳಲ್ಲಿ ಈಗ ಇದೆಲ್ಲ ಡೇಟಾಲಿಂಕ್ ಮೂಲಕ ಅಕ್ಷರರೂಪದಲ್ಲೇ ಬರುತ್ತದೆ. ಕಿವಿಯ ತಪ್ಪು ತಪ್ಪುತ್ತದೆ, ನಿಜ. ಕಣ್ಣಿನ ತಪ್ಪು ಮಾತ್ರ ಉಳಿಯುತ್ತದೆ: ಪರದೆಯ ಮೇಲೆ ಬಂದ ರನ್‌ವೇ ಒಂದು, ವಿಮಾನದ ಕಂಪ್ಯೂಟರ್‌ಗೆ ನೀವು ಹತ್ತು ನಿಮಿಷ ಮೊದಲು ತುಂಬಿದ ರನ್‌ವೇ ಇನ್ನೊಂದು ಆಗಿದ್ದರೂ ಒಪ್ಪಿಗೆಯ ಗುಂಡಿ ಒತ್ತುವವರಿದ್ದಾರೆ. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕಂಪ್ಯೂಟರ್‌ನ ಪುಟದೊಂದಿಗೆ ಹೋಲಿಸಬೇಕು. ಒಬ್ಬರೇ ಎರಡನ್ನೂ ಮಾಡಿದರೆ ಕಣ್ಣು ತಾನು ನಿರೀಕ್ಷಿಸಿದ್ದನ್ನೇ ಓದುತ್ತದೆ.

ನಿಮಗೆ ಕೂಡಲೇ ಕ್ಲಿಯರೆನ್ಸ್ ಸಿಗದೆ "ಸ್ಟ್ಯಾಂಡ್‌ಬೈ" ಎಂದರೆ ಬೇಸರಪಡಬೇಡಿ. ನಿಗದಿತ ನಿರ್ಗಮನ ಮಾರ್ಗಗಳಿರುವ ನಿಲ್ದಾಣದಲ್ಲಿ ಟವರ್ ತಾನೇ ಕ್ಲಿಯರೆನ್ಸ್ ಕೊಡಬಲ್ಲದು, ಏರಿಯಾ ಸೆಂಟರ್‌ನೊಂದಿಗೆ ಅದಕ್ಕೆ ಮೊದಲೇ ಒಪ್ಪಂದವಿರುತ್ತದೆ. ಅದಿಲ್ಲದ ಕಡೆ ಟವರ್ ಸೆಂಟರ್‌ಗೆ ಫೋನ್ ಮಾಡಬೇಕು. ಸೆಂಟರ್‌ನವರು ನಿಮ್ಮ ಹಾರಾಟದ ವಿವರವಿರುವ ಪಟ್ಟಿಯನ್ನು ಆ ಮಾರ್ಗದ ಉಳಿದವರ ಪಟ್ಟಿಗಳ ನಡುವೆ ಇಟ್ಟು ನೋಡಬೇಕು. ನೀವು ಏರುವ ದಾರಿಗೆ ಅಡ್ಡಲಾಗಿ ಯಾರೋ ಇಳಿಯುತ್ತಿರಬಹುದು. ನಿಮ್ಮ ಮುಂದೆ ಹೊರಟವರು ಅದೇ ದಿಕ್ಕಿಗೆ ಹೋಗುತ್ತಿರಬಹುದು. ರೇಡಾರ್ ಇಲ್ಲದ ಕಡೆ ಲೆಕ್ಕವೆಲ್ಲ ನಿಮಿಷಗಳಲ್ಲಿ: ಇಬ್ಬರ ದಾರಿ ಎದ್ದ ಕೂಡಲೇ 45 ಡಿಗ್ರಿ ಅಥವಾ ಹೆಚ್ಚು ಬೇರೆಯಾಗುವುದಾದರೆ 1 ನಿಮಿಷ ಸಾಕು, ಒಂದೇ ದಾರಿಯಲ್ಲಿ ಮುಂದಿನವರು 40 ನಾಟ್ (ಗಂಟೆಗೆ 40 ನಾಟಿಕಲ್ ಮೈಲು) ಅಥವಾ ಹೆಚ್ಚು ವೇಗವಾಗಿದ್ದರೆ 2 ನಿಮಿಷ, ಮುಂದಿನವರ ಎತ್ತರವನ್ನು ನೀವು ದಾಟಿ ಏರಬೇಕಾದರೆ 5 ನಿಮಿಷ. ಇದರ ಮೇಲೆ ಭಾರಿ ವಿಮಾನದ ಹಿಂದಿನ ಸುಳಿಗಾಳಿಯ ಅಂತರ ಬೇರೆ. ನೀವು ಎಡಕ್ಕೆ ತಿರುಗುವ ನಿರ್ಗಮನವನ್ನು ಒಪ್ಪಿಕೊಂಡರೆ ಕೆಲವೊಮ್ಮೆ ನಾಲ್ಕು ನಿಮಿಷ ಉಳಿಯುವುದು ಈ ಲೆಕ್ಕದಿಂದಲೇ.

ಐದು ಸಾಲು

ಕರೆ ಮಾಡುವ ಮೊದಲೇ ಕಾಗದದ ಮೇಲೆ ಐದು ಸಾಲು ಹಾಕಿಡಿ: ಮಿತಿ, ಮಾರ್ಗ, ಎತ್ತರ, ಫ್ರೀಕ್ವೆನ್ಸಿ, ಸ್ಕ್ವಾಕ್. ನಿಯಂತ್ರಕರು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಹೇಳುತ್ತಾರೆ. ನಿಮಗೆ ಏನು ಬರಬಹುದು ಎಂದು ಪ್ಲಾನ್ ನೋಡಿ ಊಹಿಸಿ ಪೆನ್ಸಿಲ್‌ನಲ್ಲಿ ತುಂಬಿಟ್ಟರೂ ತಪ್ಪಿಲ್ಲ, ಬಂದದ್ದು ಬೇರೆಯಾದರೆ ಹೊಡೆದುಹಾಕಿ ತಿದ್ದುವ ಪ್ರಾಮಾಣಿಕತೆ ಇದ್ದರೆ ಸಾಕು.

ಮಿತಿಯ ಸಾಲು ಸಾಮಾನ್ಯವಾಗಿ ಗಮ್ಯ ನಿಲ್ದಾಣವೇ ಆಗಿರುತ್ತದೆ. ಹಾಗಿದ್ದಾಗ ಚಿಂತೆಯಿಲ್ಲ. ನಡುವಿನ ಯಾವುದೋ ಬಿಂದುವನ್ನು ಮಿತಿಯಾಗಿ ಕೊಟ್ಟರೆ ಮಾತ್ರ ಕಿವಿ ನೆಟ್ಟಗಾಗಬೇಕು: ಮುಂದಿನ ದಾರಿ ಇನ್ನೂ ನಿಮ್ಮದಲ್ಲ. ಮುಂದಿನ ಕ್ಲಿಯರೆನ್ಸ್ ಬಾರದೆ ಆ ಬಿಂದು ಬಂದುಬಿಟ್ಟರೆ ಅಲ್ಲೇ ಸುತ್ತು ಹಾಕುತ್ತ ಕಾಯಬೇಕು. ಬಿಂದು ಹತ್ತಿರವಾಗುವವರೆಗೆ ಸುಮ್ಮನಿರದೆ ಐದು ನಿಮಿಷ ಮುಂಚೆಯೇ ಕೇಳಿ, ಸುತ್ತಿನ ದಿಕ್ಕನ್ನೂ ಓದಿಟ್ಟುಕೊಳ್ಳಿ.

ಮಾರ್ಗದ ಸಾಲಿನಲ್ಲಿ ಸಿಡ್ ಎಂದು ನಾವು ಕರೆಯುವ ನಿಗದಿತ ನಿರ್ಗಮನ ಮಾರ್ಗದ ಹೆಸರು ಬರುತ್ತದೆ: ಕೊನೆಯ ಬಿಂದುವಿನ ಹೆಸರು, ಒಂದು ಅಂಕಿ, ಒಂದು ಅಕ್ಷರ. ಅಂಕಿ ಮಾರ್ಗದ ಎಷ್ಟನೇ ಆವೃತ್ತಿ ಎಂಬುದನ್ನು ತಿಳಿಸುತ್ತದೆ, ಅಕ್ಷರ ಯಾವ ದಾರಿ ಎಂಬುದನ್ನು. ಅದು ಹಲವೆಡೆ ರನ್‌ವೇಗೆ ತಕ್ಕಂತೆ ಬದಲಾಗುತ್ತದೆ. ಬಿಂದುವಿನ ಹೆಸರು ಒಂದೇ ಇದ್ದು ಕೊನೆಯ ಅಕ್ಷರ ಬೇರೆಯಾದರೆ ತಿರುವು ಪೂರ್ತಿ ಬೇರೆ ದಿಕ್ಕಿಗಿರಬಹುದು. ಇವುಗಳ ವಿನ್ಯಾಸ ಬೇರೆ ಸೂಚನೆ ಇಲ್ಲದಿದ್ದರೆ ಶೇ 3.3ರ ಏರುಮಟ್ಟವನ್ನು ನಂಬಿಕೊಂಡಿದೆ; ಅಂದರೆ ಪ್ರತಿ ನಾಟಿಕಲ್ ಮೈಲಿಗೆ ಸುಮಾರು 200 ಅಡಿ. 120 ನಾಟ್‌ನಲ್ಲಿ ಹೋಗುವ ಸಣ್ಣ ವಿಮಾನಕ್ಕೆ ಇದು ನಿಮಿಷಕ್ಕೆ 400 ಅಡಿ, ತುಂಬು ಭಾರದ ಬಿಸಿಲಿನ ಮಧ್ಯಾಹ್ನ ಸಲೀಸಲ್ಲ. ಆಗದಿದ್ದರೆ ಆಗುವುದಿಲ್ಲ ಎಂದು ನೆಲದ ಮೇಲೆಯೇ ಹೇಳಿ. ಕೊಟ್ಟ ಕ್ಲಿಯರೆನ್ಸ್ ಹೊಂದದಿದ್ದರೆ ಬೇರೆಯದನ್ನು ಕೇಳುವ ಹಕ್ಕು ಪೈಲಟ್‌ಗೆ ನಿಯಮದಲ್ಲೇ ಇದೆ. ಆ ಹಕ್ಕನ್ನು ಬಳಸಿದವರ ಬಗ್ಗೆ ನಮ್ಮ ಕೋಣೆಯಲ್ಲಿ ಯಾರೂ ಹಗುರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಬಳಸದೆ ಎದ್ದು, ಆಮೇಲೆ ಏರಲಾಗದೆ ಒದ್ದಾಡಿದವರ ಬಗ್ಗೆ ಕೇಳಿದ್ದೇನೆ.

ಎತ್ತರದ ಸಾಲಿನಲ್ಲಿ ನೀವು ಕೇಳಿದ ಕ್ರೂಸ್ ಎತ್ತರ (ಏರಿಕೆ ಮುಗಿದ ಮೇಲೆ ಹಾರುವ ಎತ್ತರ) ಸಿಗುವುದು ಅಪರೂಪ. ಮೊದಲ ಎತ್ತರ ತಗ್ಗಾಗಿರುತ್ತದೆ, ಮೇಲೆ ಬರುವವರ ಹೊಳೆ ಹರಿಯುತ್ತಿರುತ್ತದೆ. ಅಲ್ಲಿ ನಿಲ್ಲಲೇಬೇಕು. "ಹತ್ತು ನಿಮಿಷದ ನಂತರ ಇಂಥ ಎತ್ತರ ನಿರೀಕ್ಷಿಸಿ" ಎಂಬುದು ಮುನ್ಸೂಚನೆ ಅಷ್ಟೇ, ಏರಲು ಅಪ್ಪಣೆಯಲ್ಲ. ಇನ್ನೊಂದು ಹಳೆಯ ಗೊಂದಲವೂ ಇಲ್ಲಿತ್ತು: ನಿಯಂತ್ರಕ ಮೇಲಿನ ಎತ್ತರ ಕೊಟ್ಟರೆ ಸಿಡ್ ನಕ್ಷೆಯಲ್ಲಿ ಅಚ್ಚಾದ ನಡುವಿನ ಎತ್ತರದ ನಿರ್ಬಂಧಗಳು ಉಳಿಯುತ್ತವೆಯೇ, ಹೋಗುತ್ತವೆಯೇ? ದೇಶಕ್ಕೊಂದು ಉತ್ತರ ಇತ್ತು. 2016ರ ನವೆಂಬರ್ 10ರಿಂದ ಜಾರಿಗೆ ಬಂದ ಐಕಾವೊ ಪದಬಳಕೆ ಇದನ್ನು ಬಗೆಹರಿಸಲು ಹೊರಟಿತು. ಸಿಡ್ ಮೂಲಕ ಏರಿ ಎಂದರೆ ಅಚ್ಚಾದ ನಿರ್ಬಂಧಗಳೆಲ್ಲ ಜಾರಿಯಲ್ಲಿವೆ. ನಿರ್ಬಂಧ ತೆಗೆದರೆ ಅದನ್ನು ಬಾಯಿಬಿಟ್ಟು ಹೇಳುತ್ತಾರೆ. ಎಲ್ಲ ದೇಶಗಳೂ ಒಂದೇ ಬಗೆಯಲ್ಲಿ ಅಳವಡಿಸಿಕೊಂಡಿಲ್ಲವಾದ್ದರಿಂದ ಸಂಶಯ ಬಂದರೆ ನಿರ್ಬಂಧ ಇದೆ ಎಂದೇ ತಿಳಿದು, ಕೇಳಿ ಖಚಿತಪಡಿಸಿಕೊಳ್ಳಿ.

ಫ್ರೀಕ್ವೆನ್ಸಿ ಬಗ್ಗೆ ಹೇಳುವುದೇನಿಲ್ಲ, ಬರೆದುಕೊಳ್ಳಿ. ಸ್ಕ್ವಾಕ್ ಎಂದರೆ ರೇಡಾರ್‌ಗೆ ಉತ್ತರ ಕಳುಹಿಸುವ ಸಾಧನವಾದ ಟ್ರಾನ್ಸ್‌ಪಾಂಡರ್‌ಗೆ ಹಾಕುವ ನಾಲ್ಕಂಕಿಯ ಸಂಕೇತ. ಪ್ರತಿ ಅಂಕಿಯೂ 0ಯಿಂದ 7ರೊಳಗೆ, ಒಟ್ಟು 4096 ಸಂಕೇತಗಳು. ನಿಮ್ಮ ಕಾಗದದಲ್ಲಿ 8 ಅಥವಾ 9 ಕಂಡರೆ ಕಿವಿ ಮೋಸ ಮಾಡಿದೆ ಎಂದೇ ಅರ್ಥ.

ಈಗ ಓದಿ ಒಪ್ಪಿಸುವುದು, ಅಂದರೆ ರೀಡ್‌ಬ್ಯಾಕ್. ಮಾರ್ಗ, ಎತ್ತರ, ರನ್‌ವೇ, ಒತ್ತಡದ ಅಂಕಿ, ಸ್ಕ್ವಾಕ್ ಇವಿಷ್ಟನ್ನೂ ಬಂದಂತೆಯೇ ಹಿಂತಿರುಗಿ ಹೇಳಬೇಕು, ಕೊನೆಯಲ್ಲಿ ಕಾಲ್‌ಸೈನ್ ಸಹಿತ. ಕ್ಲಿಯರೆನ್ಸ್‌ಗೆ ಬರೀ "ರೋಜರ್" ಎಂದು ಉತ್ತರಿಸುವವರನ್ನು ನಾನು ಇಂದಿಗೂ ಕ್ಷಮಿಸಿಲ್ಲ. ನನ್ನ ಮಾತು ಅವರ ಕಾಗದದ ಮೇಲೆ ಏನಾಗಿ ಬಿದ್ದಿದೆ ಎಂದು ತಿಳಿಯಲು ನನಗೆ ಬೇರೆ ದಾರಿಯೇ ಇಲ್ಲ. ಒಂದು ಸಾಲು ತಪ್ಪಿಹೋಗಿದ್ದರೆ ಆ ಸಾಲನ್ನಷ್ಟೇ ಮತ್ತೆ ಕೇಳಿ. ಊಹಿಸಿ ತುಂಬಿದ ಅಂಕಿ ಓದುವಾಗ ದನಿ ಸ್ವಲ್ಪ ಏರುತ್ತದೆ, ಪ್ರಶ್ನೆಯಂತೆ. ಅನುಭವಿ ನಿಯಂತ್ರಕರು ಅದನ್ನು ಹಿಡಿದುಬಿಡುತ್ತಾರೆ. ದಣಿದವರು ಹಿಡಿಯದೆಯೂ ಹೋಗಬಹುದು.

ಮಾರ್ಗದ ಅಪ್ಪಣೆ ಬೇರೆ, ರನ್‌ವೇಯ ಅಪ್ಪಣೆ ಬೇರೆ

1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದ ಲೊಸ್ ರೋಡಿಯೊಸ್ ನಿಲ್ದಾಣದಲ್ಲಿ ಮಂಜು ಕವಿದಿತ್ತು. ಕೆಎಲ್‌ಎಂ ಸಂಸ್ಥೆಯ ಬೋಯಿಂಗ್ 747 ರನ್‌ವೇಯ ತುದಿಗೆ ಹೋಗಿ, ತಿರುಗಿ, ಹೊರಡಲು ಅಣಿಯಾಗಿ ನಿಂತಿತ್ತು. ಪ್ಯಾನ್ ಆಮ್‌ನ 747 ಅದೇ ರನ್‌ವೇಯಲ್ಲಿ ಇನ್ನೂ ಟ್ಯಾಕ್ಸಿ ಮಾಡುತ್ತಿತ್ತು. ಕೆಎಲ್‌ಎಂ ಸಿಬ್ಬಂದಿ ತಾವು ಹೊರಡಲು ಸಿದ್ಧ ಎಂಬುದನ್ನೂ, ಮಾರ್ಗದ ಕ್ಲಿಯರೆನ್ಸ್‌ಗೆ ಕಾಯುತ್ತಿದ್ದೇವೆ ಎಂಬುದನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಟವರ್ ಕೊಟ್ಟದ್ದು ಮಾರ್ಗದ ಕ್ಲಿಯರೆನ್ಸ್: ಇಂಥ ಬೀಕನ್‌ವರೆಗೆ, ಇಂಥ ಎತ್ತರ, ಟೇಕಾಫ್ ಆದ ಮೇಲೆ ಬಲಕ್ಕೆ ತಿರುವು. ಸಹ ಪೈಲಟ್ ಅದನ್ನು ಓದಿ ಒಪ್ಪಿಸುತ್ತಿರುವಾಗಲೇ ವಿಮಾನ ಓಡತೊಡಗಿತ್ತು. 583 ಮಂದಿ ಸತ್ತರು.

ಆ ಘಟನೆಗೆ ಕಾರಣಗಳು ಹಲವು. ನಮ್ಮ ವಿಷಯಕ್ಕೆ ಬೇಕಾದದ್ದು ಒಂದು: ವಿಮಾನ ಎದ್ದ ಮೇಲೆ ಎಲ್ಲಿಗೆ ಹೋಗಬೇಕು ಎಂಬ ಮಾತು, ಏಳಬಹುದು ಎಂಬ ಮಾತಾಗಿ ಕೇಳಿಸಿಕೊಂಡಿತು. ಇಂದು "ಟೇಕಾಫ್" ಎಂಬ ಶಬ್ದವನ್ನು ಆ ಅಪ್ಪಣೆ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ ಬಳಸುತ್ತೇವೆ. ಉಳಿದ ಕಡೆಯೆಲ್ಲ "ಡಿಪಾರ್ಚರ್" ಅಥವಾ "ಏರ್‌ಬೋರ್ನ್". ಮಾರ್ಗದ ಕ್ಲಿಯರೆನ್ಸನ್ನು ಸಾಧ್ಯವಾದಷ್ಟು ಎಂಜಿನ್ ಶುರುವಾಗುವ ಮೊದಲೇ ಕೊಡಬೇಕು, ರನ್‌ವೇಗೆ ಸಾಲುಗೂಡುವಾಗ ಕೊಡಲೇಬಾರದು ಎಂದು ನಿಯಂತ್ರಕರಿಗೆ ಕಲಿಸುತ್ತಾರೆ. ನಿಮ್ಮ ಕಡೆಯಿಂದಲೂ ಅಷ್ಟೇ ಶಿಸ್ತು ಬೇಕು. ಟ್ಯಾಕ್ಸಿ ಮಾಡುತ್ತಿರುವಾಗ ಬದಲಾದ ಕ್ಲಿಯರೆನ್ಸ್ ಬಂದರೆ ವಿಮಾನ ನಿಲ್ಲಿಸಿ ಬರೆದುಕೊಳ್ಳುತ್ತೇವೆ ಎನ್ನಿ. ರನ್‌ವೇ ಮೇಲೆ ಬಂದರೆ ಓದಿ ಒಪ್ಪಿಸಿ, ಇನ್ನೂ ಅಲ್ಲೇ ನಿಂತಿದ್ದೇವೆ ಎಂದೂ ಹೇಳಿ.

ನಿಯಂತ್ರಣದ ಹೊರಗಿನಿಂದ ಎದ್ದು ಸೇರುವುದು

ನನ್ನ ವಿದ್ಯಾರ್ಥಿಗಳು ಬೆವರುವುದು ಇಲ್ಲಿ. ಟವರ್ ಇಲ್ಲ, ಅಥವಾ ಇದ್ದರೂ ಅದರ ಅಧಿಕಾರ ವಾಯುಮಾರ್ಗದವರೆಗೆ ಮುಟ್ಟುವುದಿಲ್ಲ. ವಿಮಾನ ಎದ್ದು ಅನಿಯಂತ್ರಿತ ಪ್ರದೇಶದಲ್ಲಿ ಏರುತ್ತದೆ. ಗಡಿ ನಿಮಿಷ ನಿಮಿಷಕ್ಕೂ ಹತ್ತಿರವಾಗುತ್ತದೆ. ಕ್ಲಿಯರೆನ್ಸ್ ಇನ್ನೂ ಬಂದಿಲ್ಲ.

ಒಂದು ಲೆಕ್ಕ ಮಾಡೋಣ. ಏರೋಡ್ರೋಮ್ ಸಮುದ್ರಮಟ್ಟದಿಂದ 1,000 ಅಡಿ ಎತ್ತರದಲ್ಲಿದೆ ಎನ್ನಿ. ಪಶ್ಚಿಮದ ಕಡೆ 35 ನಾಟಿಕಲ್ ಮೈಲು ದೂರದಲ್ಲಿ ಪ್ರವೇಶಬಿಂದು. ಅಲ್ಲಿ ವಾಯುಮಾರ್ಗದ ತಳ ಫ್ಲೈಟ್ ಲೆವೆಲ್ 75, ಅಂದರೆ ನಿಗದಿತ ಒತ್ತಡದ ಲೆಕ್ಕದಲ್ಲಿ 7,500 ಅಡಿ. ನೀವು ಕೇಳಿರುವುದು 80. ಪಶ್ಚಿಮದ ಅರ್ಧವೃತ್ತಕ್ಕೆ ಸಮಸಂಖ್ಯೆಯ ಎತ್ತರಗಳು, ಆದ್ದರಿಂದ ಅದು ಸರಿ. ವಿಮಾನ ಏರುವಾಗ ನೆಲದ ಮೇಲಿನ ವೇಗ 140 ನಾಟ್, ಏರಿಕೆ ನಿಮಿಷಕ್ಕೆ 500 ಅಡಿ. ಏಳು ಸಾವಿರ ಅಡಿ ಏರಲು 14 ನಿಮಿಷ. ಅಷ್ಟರಲ್ಲಿ ಕ್ರಮಿಸುವ ದೂರ ಸುಮಾರು 33 ಮೈಲು. ಎರಡು ಮೈಲು ಮಿಗುತ್ತದೆ, ಸಮಯದಲ್ಲಿ ಹೇಳುವುದಾದರೆ ಒಂದು ನಿಮಿಷಕ್ಕೂ ಕಡಿಮೆ. ಬಿಂದುವನ್ನು ಮುಟ್ಟುವುದು ಎದ್ದ ಹದಿನೈದನೇ ನಿಮಿಷಕ್ಕೆ.

ಈಗ ಆ ಹತ್ತು ನಿಮಿಷವನ್ನು ಹಿಂದಕ್ಕೆ ಎಣಿಸಿ. ಸೇರುವ ಕ್ಲಿಯರೆನ್ಸ್ ಕೇಳುವ ಕರೆ ಎದ್ದ ಐದನೇ ನಿಮಿಷದೊಳಗೆ ಆಗಿರಬೇಕು. ಚಕ್ರ ಮಡಚಿ, ಎಂಜಿನ್ ಹದಗೊಳಿಸಿ, ದಿಕ್ಕು ಹಿಡಿಯುವಷ್ಟರಲ್ಲಿ ಮೂರು ನಿಮಿಷ ಕಳೆದಿರುತ್ತದೆ. ಆದ್ದರಿಂದ ಕರೆಯ ಪಠ್ಯವನ್ನು ನೆಲದ ಮೇಲೆಯೇ ಬರೆದಿಡಿ. ಮೊದಲ ಕರೆಯಲ್ಲಿ ಕಾಲ್‌ಸೈನ್ ಮತ್ತು ಸೇರುವ ಕ್ಲಿಯರೆನ್ಸ್‌ಗೆ ಕೋರಿಕೆ, ಅಷ್ಟೇ. ನಿಯಂತ್ರಕ ವಿವರ ಕೇಳಿದ ಮೇಲೆ ಉಳಿದದ್ದು: ವಿಮಾನದ ಮಾದರಿ, ಹೊರಟ ನಿಲ್ದಾಣ, ಈಗಿನ ಸ್ಥಾನ ಮತ್ತು ದಿಕ್ಕು, ದಾಟುತ್ತಿರುವ ಎತ್ತರ, ಪ್ರವೇಶಬಿಂದು ಮತ್ತು ಅಲ್ಲಿ ತಲುಪುವ ವೇಳೆ, ಕೋರಿದ ಎತ್ತರ, ಮುಂದಿನ ಮಾರ್ಗ, ಗಮ್ಯ. ಇವುಗಳಲ್ಲಿ ನಿಯಂತ್ರಕನಿಗೆ ಚಿನ್ನದಷ್ಟು ಬೆಲೆಯಿರುವುದು ಬಿಂದುವನ್ನು ತಲುಪುವ ವೇಳೆ. ನಿಮ್ಮನ್ನು ಇಬ್ಬರ ನಡುವೆ ತೂರಿಸಬಹುದೇ ಎಂಬುದು ಆ ಒಂದು ಅಂಕಿಯ ಮೇಲೆ ನಿಂತಿದೆ. ಅದು ಎರಡು ಮೂರು ನಿಮಿಷ ಬದಲಾದರೆ ತಡಮಾಡದೆ ತಿಳಿಸಿ.

ಬರುವ ಉತ್ತರ ಮೂರು ಬಗೆ. ಒಂದು, ಇಂಥ ಬಿಂದುವಿನಲ್ಲಿ ಇಂಥ ಎತ್ತರದಲ್ಲಿ ಸೇರಿ ಎಂಬ ಪೂರ್ತಿ ಕ್ಲಿಯರೆನ್ಸ್. ಇದನ್ನು ಗಮನವಿಟ್ಟು ಓದಿ: ಆ ಬಿಂದುವಿನಲ್ಲೇ, ಆ ಎತ್ತರದಲ್ಲೇ. ಐದು ಮೈಲು ಮೊದಲೇ ಅಡ್ಡದಾರಿಯಲ್ಲಿ ನುಸುಳುವುದಾಗಲಿ, ಬಿಂದುವಿಗೆ ಬಂದಾಗ ಇನ್ನೂ 70ರಲ್ಲಿ ಏರುತ್ತಿರುವುದಾಗಲಿ ನಡೆಯದು. ಎತ್ತರ ಸಿಗದು ಎನ್ನಿಸಿದರೆ ಮುಂಚೆಯೇ ಹೇಳಿ, ಒಂದು ಸುತ್ತು ಹಾಕಿ ಏರಿ. ಎರಡು, ಇಂಥ ವೇಳೆಗೆ ಅಥವಾ ಆಮೇಲೆ ಸೇರಿ ಎಂಬ ಷರತ್ತು. ಆಗ ವೇಗ ತಗ್ಗಿಸಿ ಕಾಲ ಕಳೆಯಬೇಕು. ಮೂರು, ನಿಯಂತ್ರಿತ ಪ್ರದೇಶದ ಹೊರಗೇ ಇರಿ, ಕಾಯಿರಿ. "ಸ್ಟ್ಯಾಂಡ್‌ಬೈ" ಎಂದರೂ ಫಲ ಇದೇ. ಉತ್ತರ ಬಂತು, ನನ್ನ ಹೆಸರು ಅವರಿಗೆ ಗೊತ್ತಾಯಿತು, ಆದ್ದರಿಂದ ಮುಂದುವರಿಯಬಹುದು ಎಂಬ ತರ್ಕಕ್ಕೆ ಇಲ್ಲಿ ಎಡೆಯಿಲ್ಲ. ಸ್ಕ್ವಾಕ್ ಸಂಕೇತ ಕೊಟ್ಟರೂ, ರೇಡಾರ್‌ನಲ್ಲಿ ನಿಮ್ಮನ್ನು ಗುರುತಿಸಿದ್ದೇವೆ ಎಂದರೂ ಅದು ಒಳಗೆ ಬರುವ ಅಪ್ಪಣೆಯಾಗುವುದಿಲ್ಲ.

ಹೀಗೆ ಕಾಯಬೇಕಾಗಿ ಬಂದರೆ ಎಲ್ಲಿ ಕಾಯುವುದು ಎಂಬುದನ್ನು ನಕ್ಷೆಯ ಮೇಲೆ ನೆಲದಲ್ಲಿದ್ದಾಗಲೇ ಗುರುತಿಸಿರಬೇಕು: ಗಡಿಯಿಂದ ಐದಾರು ಮೈಲು ಈಚೆ, ಬೆಟ್ಟಗಳಿಗಿಂತ ಸಾಕಷ್ಟು ಮೇಲೆ, ವಿಎಫ್‌ಆರ್‌ನಲ್ಲಿದ್ದರೆ ಮೋಡದಿಂದ ದೂರ. ಇಪ್ಪತ್ತು ನಿಮಿಷ ಸುತ್ತುವಷ್ಟು ಇಂಧನ ಹೆಚ್ಚಿಗೆ ಹಾಕಿಸಿ. ಝಡ್ ಪ್ಲಾನ್ ಹಾಕಿ, ಮೋಡದ ಹೊದಿಕೆ ತಗ್ಗಿರುವ ದಿನ ಎದ್ದು, ಮೇಲೆ ಹೋದಮೇಲೆ ಹೇಗೋ ಕ್ಲಿಯರೆನ್ಸ್ ಸಿಗುತ್ತದೆ ಎಂದುಕೊಳ್ಳುವವರನ್ನು ನಾನು ಎದ್ದ ಜಾಗಕ್ಕೇ ವಾಪಸ್ ಕಳುಹಿಸುತ್ತೇನೆ. ಏರಲು ಅಪ್ಪಣೆಯಿಲ್ಲದೆ, ಮೋಡದ ಕೆಳಗೆ ಕಣ್ಣಳತೆಯಲ್ಲಿ ಹಾರಲೂ ಜಾಗವಿಲ್ಲದೆ ಸಿಕ್ಕಿಕೊಂಡ ವಿಮಾನಕ್ಕೆ ಯಾವ ನಿಯಂತ್ರಕನೂ ಬೇಗ ಸಹಾಯ ಮಾಡಲಾರ.

ಎತ್ತರಮಾಪಕದ ಬಗ್ಗೆ ಒಂದು ಮಾತು. ತಳವನ್ನು ಫ್ಲೈಟ್ ಲೆವೆಲ್‌ನಲ್ಲಿ ಕೊಟ್ಟಿದ್ದರೆ ಅದು 1013 ಹೆಕ್ಟೊಪ್ಯಾಸ್ಕಲ್ ಲೆಕ್ಕ. ಅಂದಿನ ಕ್ಯೂಎನ್‌ಎಚ್ 998 ಇದ್ದರೆ ಆ ತಳ ನಿಮ್ಮ ಕ್ಯೂಎನ್‌ಎಚ್ ಮಾಪಕದಲ್ಲಿ 400 ಅಡಿಗೂ ಹೆಚ್ಚು ಕೆಳಗಿರುತ್ತದೆ. 7,200 ಅಡಿಯಲ್ಲಿದ್ದೇನೆ, ತಳ 7,500, ಇನ್ನೂ ಹೊರಗಿದ್ದೇನೆ ಎಂದುಕೊಂಡವರು ಆಗಲೇ ಒಳಗಿರುತ್ತಾರೆ.

ಫೋನ್‌ನಲ್ಲಿ ಸಿಗುವ ಕ್ಲಿಯರೆನ್ಸ್

ಟವರ್ ಇಲ್ಲದ ನಿಲ್ದಾಣದಿಂದ ಐಎಫ್‌ಆರ್‌ನಲ್ಲೇ ಏಳುವವರಿಗೆ ಹಲವು ದೇಶಗಳಲ್ಲಿ ಫೋನ್ ಮೂಲಕ ಕ್ಲಿಯರೆನ್ಸ್ ಸಿಗುತ್ತದೆ. ನನಗೆ ಇದು ಇಷ್ಟ. ಗದ್ದಲವಿಲ್ಲ, ಕೈಯಲ್ಲಿ ಪೆನ್ಸಿಲ್, ಮೇಜಿನ ಮೇಲೆ ನಕ್ಷೆ. ಇಲ್ಲಿ ಹೊತ್ತಿನ ಕೊನೆಗೆ ಎಲ್ಲಕ್ಕಿಂತ ಮಹತ್ವ. ಇಂಥ ಗಂಟೆಯೊಳಗೆ ಏಳದಿದ್ದರೆ ಕ್ಲಿಯರೆನ್ಸ್ ತಾನಾಗಿಯೇ ರದ್ದು ಎನ್ನುತ್ತಾರೆ. ಆ ಹೊತ್ತಿನವರೆಗೆ ಆ ನಿಲ್ದಾಣದ ಸುತ್ತಲಿನ ಜಾಗವನ್ನು ನಿಮಗಾಗಿ ಮುಚ್ಚಿಟ್ಟು, ಇಳಿಯಲು ಬರುವ ಇನ್ನೊಬ್ಬ ಐಎಫ್‌ಆರ್ ವಿಮಾನವನ್ನು ದೂರ ನಿಲ್ಲಿಸಿರುತ್ತೇವೆ. ಹೊತ್ತು ಮೀರಿ ಒಂದು ನಿಮಿಷಕ್ಕೆ ಎದ್ದರೂ ಆ ಜಾಗ ನಿಮ್ಮದಲ್ಲ, ಆ ಇನ್ನೊಬ್ಬರು ಆಗಲೇ ಇಳಿಯತೊಡಗಿರಬಹುದು. ಏಳದೆ ಉಳಿದರೆ ಕೂಡಲೇ ಫೋನ್ ಮಾಡಿ ತಿಳಿಸಬೇಕು. ಅಮೆರಿಕದಲ್ಲಿ ಇದಕ್ಕೆ ಕೊಡುವ ಗಡುವು 30 ನಿಮಿಷ ಮೀರುವುದಿಲ್ಲ. ತಿಳಿಸದಿದ್ದರೆ ನೀವು ಎದ್ದು ಎಲ್ಲೋ ಕಾಣೆಯಾಗಿದ್ದೀರಿ ಎಂದು ಹುಡುಕಾಟ ಶುರುವಾಗುತ್ತದೆ. ನಿಮ್ಮ ಗಡಿಯಾರವನ್ನು ಅವರ ಗಡಿಯಾರದೊಂದಿಗೆ ಫೋನ್‌ನಲ್ಲೇ ಸರಿಹೊಂದಿಸಿಕೊಳ್ಳಿ. ಫೋನ್ ಇಟ್ಟ ಮೇಲೆ ವಿಮಾನದವರೆಗೆ ನಡೆಯಬೇಕು, ಎಂಜಿನ್ ಪರೀಕ್ಷೆ ಆಗಬೇಕು ಎಂಬುದನ್ನು ಲೆಕ್ಕ ಹಾಕಿ ಗಡುವು ಕೇಳಿ. ಹತ್ತು ನಿಮಿಷ ಸಾಲದಿದ್ದರೆ ಇಪ್ಪತ್ತು ಬೇಕೆನ್ನಲು ಸಂಕೋಚ ಬೇಡ.

ಎದ್ದ ಮೇಲೆ

ಟವರ್ ಹೇಳುವವರೆಗೆ, ಅಥವಾ ಸಿಡ್ ನಕ್ಷೆಯಲ್ಲೇ ತಾನಾಗಿ ಬದಲಿಸಿ ಎಂದಿಲ್ಲದಿದ್ದರೆ, ಫ್ರೀಕ್ವೆನ್ಸಿ ಬದಲಿಸಬೇಡಿ. ಮುಂದಿನ ನಿಯಂತ್ರಕನಿಗೆ ಮೊದಲ ಕರೆಯಲ್ಲಿ ಕಾಲ್‌ಸೈನ್, ಸಿಡ್ ಹೆಸರು, ಈಗ ದಾಟುತ್ತಿರುವ ಎತ್ತರ, ನಿಮಗೆ ಅಪ್ಪಣೆಯಾಗಿರುವ ಎತ್ತರ. ದಾಟುತ್ತಿರುವ ಎತ್ತರವನ್ನು ನೂರು ಅಡಿಯ ನಿಖರತೆಯಲ್ಲಿ ಹೇಳಿ, ಏಕೆಂದರೆ ಪರದೆಯ ಮೇಲೆ ನಿಮ್ಮ ಟ್ರಾನ್ಸ್‌ಪಾಂಡರ್ ಕಳುಹಿಸುತ್ತಿರುವ ಅಂಕಿಯೊಂದಿಗೆ ಅದನ್ನು ತಾಳೆ ನೋಡುತ್ತಾರೆ. ವ್ಯತ್ಯಾಸ ಜಾಗಕ್ಕೆ ತಕ್ಕಂತೆ 200 ಅಥವಾ 300 ಅಡಿ ಮೀರಿದರೆ ಆ ಅಂಕಿಯನ್ನು ನಂಬುವಂತಿಲ್ಲ. ಅಪ್ಪಣೆಯಾದ ಎತ್ತರ ಹೇಳುವುದರಿಂದ ಹಿಂದೆ ನುಸುಳಿದ ತಪ್ಪು ಏನಿದ್ದರೂ ಇಲ್ಲಿ ಸಿಕ್ಕಿಬೀಳುತ್ತದೆ.

ರೇಡಿಯೊ ಕೈಕೊಟ್ಟರೆ? ಹೊರಗೆ ಸ್ಪಷ್ಟವಾಗಿ ಕಾಣುತ್ತಿದ್ದರೆ ಕಣ್ಣಳತೆಯಲ್ಲೇ ಮುಂದುವರಿದು ಹತ್ತಿರದ ಸೂಕ್ತ ನಿಲ್ದಾಣದಲ್ಲಿ ಇಳಿಯಬೇಕು. ವಾಯುಮಾರ್ಗಕ್ಕೆ ಇನ್ನೂ ಸೇರದೆ, ಕ್ಲಿಯರೆನ್ಸ್ ಇಲ್ಲದೆ ಹೊರಗಿದ್ದರೆ ಹೊರಗೇ ಉಳಿಯಬೇಕು. ಸೇರಿಯಾಗಿದ್ದು ಮೋಡದೊಳಗಿದ್ದರೆ ರೇಡಿಯೊ ಕೆಟ್ಟಿದೆ ಎಂದು ತಿಳಿಸುವ ಸ್ಕ್ವಾಕ್ 7600 ಹಾಕಿ, ಕೊನೆಯದಾಗಿ ಕೊಟ್ಟ ವೇಗ ಮತ್ತು ಎತ್ತರವನ್ನು, ಅದು ಕನಿಷ್ಠ ಸುರಕ್ಷಿತ ಎತ್ತರಕ್ಕಿಂತ ಕಡಿಮೆಯಿಲ್ಲದಂತೆ ನೋಡಿಕೊಂಡು, ಐಕಾವೊ ನಿಯಮದಂತೆ ರೇಡಾರ್ ಸೇವೆಯಿರುವ ಕಡೆ 7 ನಿಮಿಷ, ಇಲ್ಲದ ಕಡೆ 20 ನಿಮಿಷ ಕಾಯ್ದುಕೊಂಡು, ಆಮೇಲೆ ಸಲ್ಲಿಸಿದ ಪ್ಲಾನ್‌ನಂತೆ ಹೋಗಬೇಕು. ಅಮೆರಿಕದ ನಿಯಮ ಬೇರೆ. ಅಲ್ಲಿ ಹಾರುವವರು ಅದನ್ನೇ ಓದಿಕೊಳ್ಳಬೇಕು. 7600 ಹಾಕುವ ಮುನ್ನ ಮಾತ್ರ ಹೆಡ್‌ಸೆಟ್‌ನ ಪ್ಲಗ್ ಒತ್ತಿ ನೋಡಿ, ವಾಲ್ಯೂಮ್ ತಿರುಗಿಸಿ, ಹಿಂದಿನ ಫ್ರೀಕ್ವೆನ್ಸಿಗೆ ಮರಳಿ ಒಮ್ಮೆ ಕರೆಯಿರಿ. ಹೊಸ ಫ್ರೀಕ್ವೆನ್ಸಿಯ ಒಂದು ಅಂಕಿ ತಪ್ಪಿ, ಯಾರೂ ಇಲ್ಲದ ಚಾನೆಲ್‌ನಲ್ಲಿ ಮಾತಾಡುತ್ತಿರುವ ಸಾಧ್ಯತೆಯೇ ಹೆಚ್ಚು.